ಹಿತ್ತಿಲು ಮತ್ತು ಹೊಲ: ಲಾವಂಚದ ಸಾಲು

ಬೆಲೆಯಿಲ್ಲದ ವಸ್ತುವನ್ನು "ತೃಣಸಮಾನ"ವೆಂದು ಕರೆಯುವುದು ನಮ್ಮಲ್ಲಿ ರೂಢಿಯಾಗಿದೆ. ವಿಚಾರಿಸಿ ನೋಡಿದರೆ ಇದು ತೃಣಕ್ಕೆ ಮಾಡಿದ ಅನ್ಯಾಯವೇ ಸರಿ. ನಾವು ಉಣ್ಣುವ ರಾಗಿ, ಬತ್ತ, ಜೋಳಗಳೆಲ್ಲ ತೃಣಜಾತಿಗೆ ಸೇರಿದುವು. ಬೆಲ್ಲವನ್ನು ಕೊಡುವ ಕಬ್ಬು ಒಂದು ತೃಣ. ತೊಟ್ಟಿಲಿನಿಂದ ಮೊದಲಾಗಿ ಚಟ್ಟದವರೆಗೆ ಮನುಷ್ಯನಿಗೆ ಒದಗುವ ಬಿದಿರೂ ತೃಣವೇ. ಈ ಅಂಕಣದಲ್ಲಿ ಹೂವಿನ ಗಿಡಗಳಿಗೂ ಹಣ್ಣಿನ ಮರಗಳಿಗೂ ಕಾಯಿಪಲ್ಯಗಳಿಗೂ ಎಡೆಯುಂಟು. ಈ ತಿಂಗಳು ಒಂದು ಹುಲ್ಲಿಗೆ ಎಡೆಗೊಟ್ಟರೆ ವಾಚಕರು ಬೇಸರಪಡಲಾರರೆಂದು ನಂಬುತ್ತೇವೆ. ಆ ಹುಲ್ಲೇ ಲಾವಂಚ.

ಲಾವಂಚದ ಬೇರನ್ನು ಅರಿಯದ ಗೃಹಿಣಿ ನಮ್ಮ ಸೀಮೆಯಲ್ಲಿ ವಿರಳ. ಬೇಸಗೆಯಲ್ಲಿ ಕುಡಿಯುವ ನೀರಿನ ಹೂಜಿಯೊಳಗೆ ಒಂದು ಎಳೆ ಬೇರನ್ನು ತೊಳೆದು ಹಾಕುವುದುಂಟು. ಸೀಗೆಪುಡಿಯೊಡನೆ ಅದನ್ನು ಕುಟ್ಟಿ ಸೇರಿಸುವುದುಂಟು. ರೇಷ್ಮೆ ಸೀರೆಗಳ ಪೆಟ್ಟಿಗೆಯಲ್ಲಿ ಒಂದು ಸಣ್ಣ ಕಟ್ಟನ್ನು ಇರಿಸುವುದುಂಟು. ದೇವರಿಗೆ ಲಾವಂಚದ ಹಾರವನ್ನು ಅರ್ಪಿಸುವವರೂ, ಬಿಸಿಲು ಬಡಿಯುವ ಕಿಟಕಿಗೆ ಲಾವಂಚದ ತಟ್ಟಿಯನ್ನು ಕಟ್ಟಿ ನೀರು ಚಿಮುಕಿಸುವವರೂ ಉಂಟು. ಆದರೆ ಗ್ರಂಧಿಗೆ ಅಂಗಡಿಯಿಂದ ಕಟ್ಟುಕಟ್ಟಾಗಿ ಮನೆಗೆ ಬರುವ ಈ ಬೇರಿನ ಮೇಲುಗಡೆ ಎಂತಹ ಗಿಡವಿರುವುದೆಂದು ಕೇಳಿದರೆ ಉತ್ತರ ಹೇಳಬಲ್ಲವರು ಕೆಲವರೇ. ಬೇರಿನ ಪರಿಮಳವು ಗಿಡದ ಕೀರ್ತಿಯನ್ನೆಲ್ಲ ನುಂಗಿಬಿಟ್ಟಿದೆ. ಆ ಗಿಡಕ್ಕಾದರೋ ಪರಿಮಳಕ್ಕಿಂತ ಹಿರಿದಾದ ಇನ್ನೊಂದು ಗುಣವಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಒಂದೆರಡು ಎಕರೆ ಕೆಂಪು ನೆಲವನ್ನು ನೆಚ್ಚಿ ಬಾಳುವ ಮನೆಗಳವರು ತಿಳಿಯಬೇಕಾದದ್ದು ಆ ಗುಣವನ್ನೇ.

ಗಿಡದ ಪರಿಚಯ

ಲಾವಂಚಕ್ಕೆ ಕನ್ನಡದಲ್ಲಿ ಲಾಮಂಚ, ಮುಡಿವಾಳ ಎಂಬ ಹೆಸರುಗಳೂ ಇವೆ. ಸಂಸ್ಕೃತದಲ್ಲಿ ಇದು ಉಶೀರ, ಹಿಂದಿಯಲ್ಲಿ ಖಸ್, ತಮಿಳಿನಲ್ಲಿ ವೆಟ್ಟಿವೇರು. ಈ ತಮಿಳು ಹೆಸರೇ ಯುರೋಪಿನ ಭಾಷೆಗಳಿಗೆ ಹೋಗಿ ವೆಟಿವರ್ ಎಂದಾಗಿ ಇಂದು ಲೋಕದಲ್ಲೆಲ್ಲ ಬಳಕೆಯಲ್ಲಿದೆ. ಸಸ್ಯಶಾಸ್ತ್ರಜ್ಞರು ಮೊದಲು ಇದಕ್ಕೆ ವೆಟಿವೇರಿಯ ಎಂಬ ಕುಲನಾಮವನ್ನು ಕೊಟ್ಟಿದ್ದರು. ಈಗ ಕ್ರೈಸೊಪೋಗನ್ ಎಂಬ ಕುಲಕ್ಕೆ ಸೇರಿಸಿರುವರು. ಕಾಳಿದಾಸನ ಶಾಕುಂತಲದ ಮೂರನೆಯ ಅಂಕದಲ್ಲಿ ತಾಪದಿಂದ ಬಳಲಿದ ಶಕುಂತಲೆಗಾಗಿ ಸಖಿಯು ಕೊಂಡೊಯ್ಯುವುದು ಉಶೀರದ ಲೇಪವನ್ನೇ. ಜ್ವರದ ಬಾಯಾರಿಕೆಗೆ ನಮ್ಮ ವೈದ್ಯರು ಹೇಳುವ ಷಡಂಗಪಾನೀಯದ ಆರು ದ್ರವ್ಯಗಳಲ್ಲಿ ಉಶೀರವೂ ಒಂದು.

ಗಿಡವು ಒಂದೇ ಬುಡದಿಂದ ಒತ್ತಾಗಿ ತೆಂಡೆಯೊಡೆದು ಆಳೆತ್ತರಕ್ಕೆ ಬೆಳೆಯುವುದು. ಎಲೆಗಳು ನೀಳವಾಗಿ, ಕಿರಿದಾಗಿ, ತುಸು ಗಡುಸಾಗಿರುವುವು. ಅವುಗಳಿಗೆ ಬೇರಿನ ಪರಿಮಳವಿಲ್ಲ. ಒಮ್ಮೆ ನೆಟ್ಟರೆ ಮರಳಿ ನೆಡುವ ಅಗತ್ಯವಿಲ್ಲದೆ ಬಹುಕಾಲ ಬಾಳುವುದು. ಗರಿಕೆಯಂತೆ ನೆಲದ ಮೇಲೆ ಹಬ್ಬುವ ಕುಡಿಗಳು ಇದಕ್ಕಿಲ್ಲ. ತುಂಗೆಯಂತೆ ನೆಲದೊಳಗೆ ಹರಡುವ ಗೆಡ್ಡೆಗಳೂ ಇಲ್ಲ. ಬೇರುಗಳು ಪಕ್ಕಕ್ಕೆ ಚಾಚದೆ ನೇರವಾಗಿ ಕೆಳಗಿಳಿಯುವುವು; ಸಡಿಲವಾದ ಮಣ್ಣು ದೊರೆತರೆ ಹತ್ತು ಅಡಿಯ ಆಳಕ್ಕೂ ಹೋಗುವುವು. ಆದಕಾರಣ ಪಕ್ಕದ ರಾಗಿಯ ಸಾಲಿನ ಸಾರವನ್ನು ಕದಿಯುವುದು ಕಡಿಮೆ.

ಈ ಹುಲ್ಲಿನಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಉತ್ತರ ಹಿಂದೂಸ್ಥಾನದಲ್ಲಿ ಜೌಗುನೆಲಗಳಲ್ಲಿ ತಾನಾಗಿ ಬೆಳೆಯುವ ಬಗೆಯು ಬೀಜ ಕಟ್ಟುವುದು. ದಕ್ಷಿಣದಲ್ಲಿ ಹಿಂದಿನಿಂದಲೂ ನೆಟ್ಟು ಬೆಳಸುತ್ತ ಬಂದಿರುವ ಬಗೆಯು ಮೊಳೆಯುವ ಬೀಜವನ್ನು ಕೊಡುವುದಿಲ್ಲವೆಂದೇ ಹೇಳಬಹುದು. ಬುಡವನ್ನು ಸೀಳಿ ನೆಟ್ಟರೆ ಮಾತ್ರ ಅದರ ವಂಶ ಮುಂದುವರಿಯುವುದು. ಹೊಲದಲ್ಲಿ ಕಳೆಯಾಗಿ ಹಬ್ಬಿ ರೈತನನ್ನು ಕಾಡುವ ಭಯ ಇದರಿಂದಿಲ್ಲ. ಹೊಲಕ್ಕೆ ತರಬೇಕಾದದ್ದು ಈ ದಕ್ಷಿಣದ ಬಗೆಯನ್ನೇ ಎಂಬುದನ್ನು ವಾಚಕರು ಮೊದಲೇ ಮನಸ್ಸಿನಲ್ಲಿಡತಕ್ಕದ್ದು.

ನಾಲ್ಕು ತಾಲ್ಲೂಕುಗಳ ಮಣ್ಣು

ಹಿಂದೆ ಕ್ಲೋಸ್‌ಪೇಟೆಯೆಂದು ಕರೆಯುತ್ತಿದ್ದ ರಾಮನಗರದ ಸುತ್ತಣ ಬೋಳುಬಂಡೆಯ ಬೆಟ್ಟಗಳನ್ನು ರೈಲಿನಲ್ಲಿ ಹೋಗುವವರು ನೋಡಿ ಮೆಚ್ಚುವರು. ಭೂಗರ್ಭಶಾಸ್ತ್ರಜ್ಞರು ಇಂದಿಗೂ ಆ ಶಿಲೆಗೆ ಕ್ಲೋಸ್‌ಪೇಟೆಯ ಹೆಸರನ್ನೇ ಇಟ್ಟುಕೊಂಡಿರುವರು. ಆ ಕಲ್ಲು ಯುಗಯುಗಗಳ ಬಿಸಿಲುಮಳೆಗೆ ಸವೆದು ಪುಡಿಯಾಗಿ ಆದ ಮರಳುಮಿಶ್ರಿತ ಕೆಂಪು ಮಣ್ಣೇ ಈ ಸೀಮೆಯ ಹೊಲ. ಬೆಟ್ಟದ ಬುಡದಲ್ಲಿ ಅದು ತೆಳುವಾಗಿಯೂ, ಹಳ್ಳದ ಕಡೆಗೆ ಇಳಿದಂತೆ ದಪ್ಪವಾಗಿಯೂ ಇರುವುದು. ಸಮತಟ್ಟಾದ ಹೊಲ ಇಲ್ಲಿ ಅಪರೂಪ; ಎಲ್ಲೆಲ್ಲಿಯೂ ಅರ್ಕಾವತಿಯ ಕಡೆಗೋ, ಕಣ್ವದ ಕಡೆಗೋ, ಶಿಂಷೆಯ ಕಡೆಗೋ ಸ್ವಲ್ಪವಾದರೂ ಇಳಿಜಾರು ಉಂಟು.

ವರ್ಷಕ್ಕೆ ಸುಮಾರು ಮೂವತ್ತರಿಂದ ಮೂವತ್ತೈದು ಅಂಗುಲ ಮಳೆ ಬೀಳುವ ಸೀಮೆಯಿದು. ಅಷ್ಟು ಮಳೆಯು ಸಮನಾಗಿ ಹಂಚಿ ಬಿದ್ದರೆ ಚಿಂತೆಯಿರುತ್ತಿರಲಿಲ್ಲ. ಮುಂಗಾರಿನ ಮೊದಲಲ್ಲಿ, ಹೊಲವು ಉತ್ತು ಬರಿದಾಗಿರುವಾಗ, ಗುಡುಗಿನೊಡನೆ ಒಂದೇ ಸಂಜೆ ಸುರಿದುಬಿಡುವ ಮಳೆಯೇ ಕೇಡಿಗೆ ಕಾರಣ. ಹನಿಯ ಏಟಿಗೆ ಮಣ್ಣು ಕದಡುವುದು. ಕದಡಿದ ಮಣ್ಣು ನೀರಿನೊಡನೆ ಹರಿಯುವುದು. ಹರಿಯುವ ನೀರು ಒಂದೆಡೆ ಕೂಡಿ ಕೊರಕಲು ಬೀಳಿಸುವುದು. ಹೋಗುವುದು ಯಾವ ಮಣ್ಣು? ಗೊಬ್ಬರವನ್ನು ಉಂಡ, ಬೇರುಗಳನ್ನು ಸಾಕಿದ, ಎಲ್ಲಕ್ಕಿಂತ ಮೇಲಿರುವ ಮಣ್ಣು. ಒಂದು ಎಕರೆಯ ಮೇಲೆ ಒಂದು ಅಂಗುಲ ದಪ್ಪದ ಮಣ್ಣೆಂದರೆ ೩,೬೩೦ ಘನ ಅಡಿಯಾಗುವುದು. ತೂಕದಲ್ಲಿ ಅದು ನೂರು ಟನ್ನಿಗೆ ಕಡಿಮೆಯಿಲ್ಲ. ಅಷ್ಟನ್ನು ಹೊತ್ತು ತಂದು ಹರಡುವ ಶಕ್ತಿ ಯಾವ ಸಂಸಾರಕ್ಕಿದೆ? ಹೊಲದಿಂದ ಹೋದ ಮಣ್ಣು ಕೆರೆಯ ಹೂಳಾಗಿ ಅಲ್ಲಿಯೂ ನಷ್ಟವನ್ನುಂಟುಮಾಡುವುದು. ಚನ್ನಪಟ್ಟಣದ ಬಳಿ ೧೯೪೬ರಲ್ಲಿ ಕಟ್ಟಿದ ಕಣ್ವ ಜಲಾಶಯವಾಗಲಿ, ಮಾಗಡಿ ತಾಲ್ಲೂಕಿನ ಮಂಚನಬೆಲೆಯಾಗಲಿ, ಊರೂರ ಹಳೆಯ ಕೆರೆಗಳಾಗಲಿ ಹಿಡಿದಿಡುವ ನೀರಿನ ಪ್ರಮಾಣವು ಮೇಲಿನ ಹೊಲಗಳು ಮಣ್ಣನ್ನು ಹಿಡಿದಿಟ್ಟುಕೊಳ್ಳುವುದನ್ನು ಅವಲಂಬಿಸಿದೆ.

ಇದಕ್ಕೆ ಹಿರಿಯರು ಕಂಡ ಉಪಾಯವೆಂದರೆ ಬದು. ಬದುವು ಒಳ್ಳೆಯದೇ; ಆದರೆ ಮಣ್ಣಿನ ಬದುವಿಗೆ ಒಂದು ದೋಷವುಂಟು. ಅದು ನೀರನ್ನು ತಡೆದು ನಿಲ್ಲಿಸುವುದು. ನಿಂತ ನೀರು ಬದುವಿನ ತಗ್ಗಾದ ಒಂದು ಸ್ಥಳವನ್ನು ಹುಡುಕಿ ಅಲ್ಲಿ ಒಡೆದುಕೊಂಡು ಹೋದರೆ, ಹೊಲವೆಲ್ಲ ಹರಡಿ ಹರಿಯಬೇಕಾಗಿದ್ದ ನೀರು ಒಂದೇ ಬಾಯಿಯಿಂದ ಧುಮುಕಿ ಕೆಳಗಿನವನ ಹೊಲವನ್ನು ಸೀಳುವುದು. ವರ್ಷವರ್ಷವೂ ಗುದ್ದಲಿ ಹಿಡಿದು ಬದು ಸರಿಪಡಿಸುವ ಆಳು ಮನೆಯಲ್ಲಿದ್ದರೆ ಸರಿ. ಇಂದು ಎಷ್ಟೋ ಮನೆಗಳಲ್ಲಿ ಮಕ್ಕಳು ಬಿಡದಿಯ ಕಾರ್ಖಾನೆಗಳಿಗೂ ಬೆಂಗಳೂರಿನ ಕಚೇರಿಗಳಿಗೂ ಹೋಗುವರು. ಹೊಲವು ಮನೆಯ ಹೆಂಗಸರ ಮತ್ತು ವೃದ್ಧರ ಪಾಲಿಗೆ ಉಳಿದಿದೆ. ಅಂತಹ ಮನೆಗೆ ಬೇಕಾದದ್ದು ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುವ ಬದು.

ಲಾವಂಚದ ಸಾಲು ಅಂತಹದು. ಇಳಿಜಾರಿಗೆ ಅಡ್ಡವಾಗಿ ಒತ್ತಾಗಿ ನೆಟ್ಟ ಸಾಲು ಎರಡು ಮೂರು ವರ್ಷಗಳಲ್ಲಿ ಸಂದಿಲ್ಲದ ಬೇಲಿಯಾಗುವುದು. ಹರಿದು ಬಂದ ನೀರು ಅದನ್ನು ತಾಕಿ ವೇಗ ತಗ್ಗಿ, ಹೊತ್ತು ತಂದ ಮಣ್ಣನ್ನು ಅಲ್ಲಿಯೇ ಇಳಿಸಿ, ಜರಡಿಯಲ್ಲಿ ಸೋಸಿದಂತೆ ಸಾಲಿನ ಉದ್ದಕ್ಕೂ ಮೆಲ್ಲಗೆ ಹಾದುಹೋಗುವುದು. ನೀರು ಒಂದೆಡೆ ಕೂಡಿ ಒಡೆಯುವ ಪ್ರಸಂಗವೇ ಬಾರದು. ನಿಧಾನವಾಗಿ ಹೋಗುವುದರಿಂದ ನೆಲದೊಳಕ್ಕೆ ಇಂಗುವ ಪಾಲೂ ಹೆಚ್ಚುವುದು. ಸಾಲಿನ ಮೇಲುಗಡೆ ಮಣ್ಣು ಏರಿದಂತೆಲ್ಲ ಹುಲ್ಲು ಹೊಸ ಗಿಣ್ಣುಗಳಲ್ಲಿ ಬೇರೊಡೆದು ತಾನೂ ಮೇಲೇರುವುದು. ಹೀಗೆ ಕೆಲವು ವರ್ಷಗಳಲ್ಲಿ ಗುದ್ದಲಿಯಿಲ್ಲದೆ ಹೊಲವು ಮೆಟ್ಟಿಲುಮೆಟ್ಟಿಲಾಗಿ ಮಟ್ಟಕ್ಕೆ ಬರುವುದು. ಬೇರಿನ ಬಲವನ್ನು ಅಳೆದು ೧೯೯೬ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಲಾವಂಚದ ಬೇರು ಅಷ್ಟೇ ದಪ್ಪದ ಮೆದು ಉಕ್ಕಿನ ಸುಮಾರು ಆರರಲ್ಲೊಂದು ಪಾಲು ಎಳೆತವನ್ನು ತಾಳುವುದೆಂದು ಕಂಡುಬಂದಿತು.

ಗುಂಡ್ಲುಪೇಟೆಯ ರೈತರೂ ಕಬ್ಬಾಳದ ಪ್ರಯೋಗವೂ

ಈ ವಿದ್ಯೆ ಹೊರಗಿನಿಂದ ಬಂದುದೆಂದು ಯಾರೂ ತಿಳಿಯಬೇಕಾಗಿಲ್ಲ. ಜಾನ್ ಗ್ರೀನ್‌ಫೀಲ್ಡ್ ಎಂಬವರು ೧೯೫೦ರ ದಶಕದಲ್ಲಿ ಫಿಜಿ ದ್ವೀಪದ ಕಬ್ಬಿನ ಗದ್ದೆಗಳಲ್ಲಿ ಈ ಹುಲ್ಲಿನಿಂದ ಮಣ್ಣನ್ನು ಕಾಪಾಡಿ ಅನುಭವ ಪಡೆದವರು. ೧೯೮೦ರ ದಶಕದಲ್ಲಿ ಅವರೂ ರಿಚರ್ಡ್ ಗ್ರಿಮ್‌ಷಾ ಎಂಬವರೂ ವಿಶ್ವಬ್ಯಾಂಕಿನ ಪರವಾಗಿ ನಮ್ಮ ದೇಶದ ಮಳೆಯಾಶ್ರಯದ ಹೊಲಗಳ ಕೆಲಸದಲ್ಲಿ ತೊಡಗಿದ್ದರು. ಆಗ ಗುಂಡ್ಲುಪೇಟೆಯ ಕಡೆಯ ರೈತರು ನೂರು ವರ್ಷಗಳಿಗೂ ಮೇಲ್ಪಟ್ಟು ತಮ್ಮ ಹೊಲಗಳ ಎಲ್ಲೆಗಳಲ್ಲಿ ಲಾವಂಚದ ಬೇಲಿಯನ್ನು ಉಳಿಸಿಕೊಂಡು ಬಂದಿರುವುದು ಹೊರಲೋಕಕ್ಕೆ ತಿಳಿದುಬಂದಿತು. ಬೇಲಿಯು ಅಗಲವಾಗಿ ಹಬ್ಬದಂತೆ ಅವರು ಮಾಡುತ್ತಿದ್ದ ಉಪಾಯ ಬಹಳ ಸರಳವಾದುದು: ಹೊಲವನ್ನು ಉಳುವಾಗ ಸಾಲಿನ ಅಂಚನ್ನೂ ಸೇರಿಸಿ ಉತ್ತುಬಿಡುವುದು. ಯಾವ ಸರಕಾರದ ಆಜ್ಞೆಯೂ ಸಹಾಯಧನವೂ ಇಲ್ಲದೆ ತಲೆತಲಾಂತರವಾಗಿ ನಡೆದುಬಂದ ಈ ಪದ್ಧತಿಯನ್ನು ೧೯೮೭ರಲ್ಲಿ ಹೊರಬಂದ ವಿಶ್ವಬ್ಯಾಂಕಿನ ಕೈಪಿಡಿಯು ದೇಶದೇಶಗಳಿಗೆ ಪರಿಚಯ ಮಾಡಿಕೊಟ್ಟಿತು. ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಲಿಯು ೧೯೯೩ರಲ್ಲಿ ಈ ಒಂದು ಹುಲ್ಲನ್ನು ಕುರಿತೇ ಗ್ರಂಥವೊಂದನ್ನು ಪ್ರಕಟಿಸಿತು. ಥಾಯ್ಲೆಂಡಿನ ದೊರೆ ಭೂಮಿಬೋಲರು ೧೯೯೧ರಿಂದ ತಮ್ಮ ರಾಜ್ಯದ ಗುಡ್ಡಗಾಡುಗಳಲ್ಲಿ ಇದನ್ನು ನೆಡಿಸಿದರು. ೧೯೯೮ರಲ್ಲಿ ನಾನಾ ದೇಶಗಳ ಲಾವಂಚವನ್ನು ಹೋಲಿಸಿ ಪರೀಕ್ಷಿಸಿದಾಗ, ದಕ್ಷಿಣ ಏಷ್ಯದ ಹೊರಗೆ ಮಣ್ಣಿನ ರಕ್ಷಣೆಗೆಂದು ನೆಟ್ಟಿರುವ ಹುಲ್ಲಿನ ಬಹುಪಾಲು, ಬೀಜಗಟ್ಟದ ಒಂದೇ ಗಿಡದ ಸಂತತಿಯೆಂದು ಗೊತ್ತಾಯಿತು.

ನಮ್ಮ ನಾಲ್ಕು ತಾಲ್ಲೂಕುಗಳಿಗೂ ಈ ಕಥೆಯಲ್ಲಿ ಪಾಲುಂಟು. ಕನಕಪುರ ತಾಲ್ಲೂಕಿನ ಸಾತನೂರಿನ ಬಳಿ ಕಬ್ಬಾಳಮ್ಮನ ಕ್ಷೇತ್ರವೂ ಕಬ್ಬಾಳದುರ್ಗವೂ ಇರುವುದು ಎಲ್ಲರಿಗೂ ತಿಳಿದ ವಿಷಯ. ೧೯೮೦ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ನಾಲ್ಕು ರಾಜ್ಯಗಳಲ್ಲಿ ಒಂದೊಂದು ಸ್ಥಳವನ್ನು ಆರಿಸಿ ಜಲಾನಯನಾಭಿವೃದ್ಧಿಯ ಪ್ರಯೋಗವನ್ನು ನಡೆಸಿದಾಗ ಕರ್ಣಾಟಕದ ಪಾಲಿಗೆ ಆರಿಸಿದುದು ಕಬ್ಬಾಳನಾಲೆಯ ಪ್ರದೇಶವನ್ನು. ಮಣ್ಣಿನ ಒಡ್ಡುಗಳಿಗೆ ಬದಲಾಗಿ ಸಮಮಟ್ಟದ ಗೆರೆಗಳಲ್ಲಿ ಹುಲ್ಲಿನ ಸಾಲನ್ನು ನೆಡಬಹುದೆಂಬ ವಿಚಾರವು ಆ ಪ್ರಯೋಗದ ಒಂದು ಅಂಗವಾಗಿತ್ತು.

ಇಂತಿದ್ದೂ ಈ ಸೀಮೆಯ ಹೊಲಗಳಲ್ಲಿ ಲಾವಂಚದ ಸಾಲು ಎಲ್ಲೆಲ್ಲಿಯೂ ಕಾಣುವುದಿಲ್ಲವೇಕೆ? ವಿಚಾರಿಸಿದರೆ ಕಾರಣಗಳು ಸ್ಪಷ್ಟವಾಗಿಯೇ ಇವೆ. ಸಮಮಟ್ಟದ ಗೆರೆಯು ಭೂಮಿಯ ಆಕಾರವನ್ನು ಅನುಸರಿಸುವುದು. ಸರ್ವೆಕಲ್ಲು ಅಣ್ಣತಮ್ಮಂದಿರ ಪಾಲನ್ನು ಅನುಸರಿಸುವುದು. ಎರಡೂ ಒಂದೇ ದಾರಿಯಲ್ಲಿ ಹೋಗುವುದು ವಿರಳ. ತನ್ನ ಸಣ್ಣ ಹೊಲದ ನಡುವೆ ಓರೆಯಾಗಿ ಹಾಯುವ ಸಾಲು ರೈತನಿಗೆ ಹಿಡಿಸದು. ಎಲ್ಲೆಯ ಮೇಲಿನ ಸಾಲಾದರೆ ಹಿಡಿಸುವುದು. ಗುಂಡ್ಲುಪೇಟೆಯ ರೈತರು ನೆಟ್ಟದ್ದು ಎಲ್ಲೆಯ ಮೇಲೆಯೇ ಎಂಬುದನ್ನು ಗಮನಿಸಬೇಕು. ಎರಡನೆಯದಾಗಿ, ಮೊದಲ ಎರಡು ವರ್ಷ ಸಾಲಿನಲ್ಲಿ ಸತ್ತ ಬುಡಗಳಿಗೆ ಬದಲು ನೆಡದಿದ್ದರೆ ನೀರು ಆ ಸಂದಿಯಲ್ಲಿಯೇ ನುಗ್ಗುವುದರಿಂದ, ಅರ್ಧ ಬೆಳೆದ ಸಾಲು ಇದ್ದೂ ಇಲ್ಲದಂತೆ. ಮೂರನೆಯದಾಗಿ, ಒಬ್ಬರ ಮನೆಯ ಸಸಿಯಿಂದಲ್ಲದೆ ಇನ್ನೊಬ್ಬರಿಗೆ ಸಸಿಯಿಲ್ಲ; ಹುಲ್ಲಿಗಾಗಿ ಹಣ ಕೊಡಲು ಯಾರಿಗೂ ಮನಸ್ಸಿಲ್ಲ. ಈ ಮೂರು ತೊಡಕುಗಳಿಗೂ ಪರಿಹಾರವು ಹಿತ್ತಿಲಿನಿಂದ ಮೊದಲಾಗಬೇಕು.

ನೆಡುವ ಕ್ರಮ

ಮೊದಲ ವರ್ಷ ಹೊಲದ ಗೋಜಿಗೇ ಹೋಗದೆ ಮನೆಯ ಹಿತ್ತಿಲಿನಲ್ಲಿ ತಾಯಿಬುಡಗಳನ್ನು ಬೆಳಸಿಕೊಳ್ಳುವುದು ಲೇಸು. ಬಚ್ಚಲಿನ ನೀರು ಹರಿದುಹೋಗುವ ತಾಣವು ಇದಕ್ಕೆ ಹೇಳಿ ಮಾಡಿಸಿದಂತಿರುವುದು. ನಿಂತ ನೀರನ್ನೂ ಈ ಹುಲ್ಲು ಸಹಿಸುವುದು. ಬಿಸಿಲು ಮಾತ್ರ ಚೆನ್ನಾಗಿ ಬೀಳಬೇಕು. ಮಾವಿನ ಮರದಡಿಯ ದಟ್ಟನೆರಳಿನಲ್ಲಿ ಇದು ಏಳಿಗೆಯಾಗದು. ಒಂದೊಂದು ಅಡಿ ಅಂತರದಲ್ಲಿ ನೆಟ್ಟು, ಸ್ವಲ್ಪ ಕೊಟ್ಟಿಗೆ ಗೊಬ್ಬರ ಕೊಟ್ಟು, ಎಲೆಯನ್ನು ಆಗಾಗ ಕೊಯ್ಯುತ್ತಿದ್ದರೆ ಒಂದೊಂದು ಬುಡವೂ ವರ್ಷದೊಳಗೆ ಹತ್ತಾರು ತೆಂಡೆಗಳಾಗುವುದು.

ಎಷ್ಟು ಸಸಿ ಬೇಕಾದೀತೆಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬಹುದು. ಒಂದು ಎಕರೆಯ ಚೌಕವಾದ ಹೊಲದ ಒಂದು ಪಕ್ಕ ಸುಮಾರು ೨೦೯ ಅಡಿ. ಆರು ಅಂಗುಲಕ್ಕೊಂದು ಗುಣಿಯಂತೆ ೪೧೮ ಗುಣಿಗಳು. ಗುಣಿಗೆ ಎರಡು ತೆಂಡೆಯಂತೆ ೮೩೬, ಮೂರರಂತೆ ೧,೨೫೪ ತೆಂಡೆಗಳು. ಹಿತ್ತಿಲಿನಲ್ಲಿ ಚೆನ್ನಾಗಿ ಬೆಳೆದ ಐವತ್ತು ಅರುವತ್ತು ಬುಡಗಳು ಇದಕ್ಕೆ ಸಾಕು. ಸಾಲು ಬೆಳೆದಮೇಲೆ ಎರಡು ಅಡಿ ಅಗಲವನ್ನು ಹಿಡಿದರೂ ೪೧೮ ಚದರಡಿ, ಎಂದರೆ ಅರ್ಧ ಗುಂಟೆಗೂ ಕಡಿಮೆ ನೆಲ ಅದಕ್ಕೆ ಸಲ್ಲುವುದು.

ಸಮಮಟ್ಟದ ಗೆರೆಯನ್ನು ಕಂಡುಹಿಡಿಯುವುದಕ್ಕೆ ಇಂಜಿನಿಯರರ ಉಪಕರಣ ಬೇಕಿಲ್ಲ. ಆಳುದ್ದದ ಎರಡು ಸಮನಾದ ಗಳುಗಳನ್ನು ತುದಿಯಲ್ಲಿ ಸೇರಿಸಿ ಕಟ್ಟಿ, ಕೆಳಗೆ ಕಾಲುಗಳನ್ನು ಅಗಲಿಸಿ, ನಡುವೆ ಒಂದು ಅಡ್ಡಪಟ್ಟಿಯನ್ನು ಬಿಗಿಯಬೇಕು. ಮೇಲಿನ ಗಂಟಿನಿಂದ ಒಂದು ದಾರದಲ್ಲಿ ಕಲ್ಲನ್ನು ಇಳಿಬಿಡಬೇಕು. ಇದನ್ನು ನೆಲದ ಮೇಲೆ ನಿಲ್ಲಿಸಿ, ಎರಡು ಕಾಲುಗಳ ಸ್ಥಳಕ್ಕೂ ಗುರುತು ಮಾಡಿ, ದಾರವು ಅಡ್ಡಪಟ್ಟಿಯನ್ನು ಹಾಯುವಲ್ಲಿ ಒಂದು ಗೀಟು ಎಳೆಯತಕ್ಕದ್ದು. ಬಳಿಕ ಎಡಗಾಲಿನ ಸ್ಥಳಕ್ಕೆ ಬಲಗಾಲು ಬರುವಂತೆ ತಿರುಗಿಸಿ ನಿಲ್ಲಿಸಿ ಇನ್ನೊಂದು ಗೀಟು ಎಳೆಯತಕ್ಕದ್ದು. ಎರಡು ಗೀಟುಗಳ ಸರಿಮಧ್ಯವೇ ಮಟ್ಟದ ಗುರುತು. ಮುಂದೆ ಹೊಲದಲ್ಲಿ ಒಂದು ಕಾಲನ್ನು ಊರಿ, ದಾರವು ಮಧ್ಯದ ಗುರುತಿಗೆ ಬರುವಂತೆ ಇನ್ನೊಂದು ಕಾಲನ್ನು ಮೇಲೆ ಕೆಳಗೆ ಸರಿಸಿ ಊರಿ, ಹೆಜ್ಜೆಹೆಜ್ಜೆಗೂ ಗೂಟ ನೆಡುತ್ತ ಹೋದರೆ ಗೆರೆಯು ತಾನಾಗಿ ಮೂಡುವುದು. ಶಾಲೆಯ ಮಕ್ಕಳಿಗೂ ಇದು ಒಳ್ಳೆಯ ಪಾಠ.

ಹೊಲವು ಮೂರರಿಂದ ಆರು ಅಡಿ ಇಳಿಯುವಷ್ಟರಲ್ಲಿ ಒಂದು ಸಾಲು ಇರಬೇಕೆಂಬುದು ಸಾಮಾನ್ಯವಾದ ನಿಯಮ. ನೂರು ಅಡಿಗೆ ಎರಡು ಅಡಿ ಇಳಿಯುವ ಹೊಲದಲ್ಲಿ ಮೂರಡಿಯ ಇಳಿತವೆಂದರೆ ನೂರೈವತ್ತು ಅಡಿಗೊಂದು ಸಾಲು. ನಾಲ್ಕು ಅಡಿ ಇಳಿಯುವ ಹೊಲದಲ್ಲಿ ಎಪ್ಪತ್ತೈದು ಅಡಿಗೊಂದು. ಹೊಲ ಸಣ್ಣದಾಗಿದ್ದು, ಇಳಿಜಾರಿಗೆ ಅಡ್ಡವಾಗಿಯೇ ಎಲ್ಲೆಯ ಬದುವಿದ್ದರೆ, ಆ ಬದುವಿನ ಮೇಲುಮಗ್ಗುಲಿನ ಬುಡದಲ್ಲಿ ನೆಟ್ಟರೆ ಸಾಕು. ನೆರೆಯವನ ಒಪ್ಪಿಗೆಯೂ ಸುಲಭವಾಗಿ ದೊರೆಯುವುದು. ಇಳಿಜಾರಿನ ಉದ್ದಕ್ಕೆ ಹೋಗುವ ಎಲ್ಲೆಯ ಮೇಲೆ ನೆಟ್ಟ ಸಾಲು ಎಲ್ಲೆಯನ್ನು ತೋರಿಸೀತೇ ಹೊರತು ಮಣ್ಣನ್ನು ತಡೆಯಲಾರದು.

ಮಳೆ ಹಿಡಿದು ನೆಲವು ಚೆನ್ನಾಗಿ ನೆನೆದಮೇಲೆ, ಆರಿದ್ರೆಯಿಂದ ಪುಷ್ಯದ ಮಳೆಯೊಳಗೆ ನೆಡುವುದು ವಾಸಿ. ತಾಯಿಬುಡವನ್ನು ಗುದ್ದಲಿಯಿಂದ ಎಬ್ಬಿಸಿ, ಎರಡು ಮೂರು ತೆಂಡೆಗಳ ಸೀಳುಗಳಾಗಿ ಬಿಡಿಸಿ, ಎಲೆಯನ್ನು ಎಂಟು ಅಂಗುಲಕ್ಕೂ ಬೇರನ್ನು ನಾಲ್ಕು ಅಂಗುಲಕ್ಕೂ ಕತ್ತರಿಸಬೇಕು. ಎಲೆ ಉದ್ದವಾಗಿದ್ದರೆ ಬೇರು ಹಿಡಿಯುವ ಮೊದಲೇ ಸಸಿ ಒಣಗುವುದು. ಸೀಳುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟುಕೊಂಡು, ನೇಗಿಲಿನಿಂದ ಎಳೆದ ಸಾಲಿನಲ್ಲಿ ನಾಲ್ಕರಿಂದ ಆರು ಅಂಗುಲಕ್ಕೊಂದರಂತೆ ಇಟ್ಟು, ಮಣ್ಣನ್ನು ಕಾಲಿನಿಂದ ಬಿಗಿಯಾಗಿ ಒತ್ತತಕ್ಕದ್ದು. ನೆಟ್ಟಮೇಲೆ ಮಳೆ ತಪ್ಪಿದರೆ ಒಂದೆರಡು ಸಲ ನೀರು ಕೊಡಬೇಕು. ಬೇರು ಹಿಡಿದಮೇಲೆ ಬರಗಾಲಕ್ಕೂ ಅದು ಅಂಜದು.

ಆರೈಕೆ

ಮೊದಲ ವರ್ಷದ ಆರೈಕೆಯೇ ಮುಖ್ಯ. ನೆಟ್ಟ ಒಂದೂವರೆ ತಿಂಗಳಿಗೆ ಸಾಲಿನ ಉದ್ದಕ್ಕೂ ನಡೆದು, ಸತ್ತುಹೋದ ಕಡೆಗಳಲ್ಲಿ ಹೊಸ ಸೀಳನ್ನು ನೆಡಬೇಕು. ಎರಡನೆಯ ಮುಂಗಾರಿನಲ್ಲಿಯೂ ಇದನ್ನು ಮಾಡತಕ್ಕದ್ದು. ರಾಗಿಯ ಕುಯಿಲಾದಮೇಲೆ ಊರ ದನಕುರಿಗಳು ಹೊಲಕ್ಕೆ ನುಗ್ಗುವ ಕಾಲದಲ್ಲಿ ಮೊದಲ ಬೇಸಗೆ ಮುಗಿಯುವವರೆಗೆ ಸಾಲಿನ ಮೇಲೆ ಮುಳ್ಳುಕಂಪೆ ಹರಡಿದರೆ ತುಳಿತದಿಂದ ಉಳಿಯುವುದು. ನಾಲ್ಕು ತಿಂಗಳಿಗೊಮ್ಮೆ ಒಂದರಿಂದ ಒಂದೂವರೆ ಅಡಿಯ ಎತ್ತರಕ್ಕೆ ಕೊಯ್ದರೆ ತೆಂಡೆಗಳು ಹೆಚ್ಚಿ ಸಂದುಗಳು ಮುಚ್ಚುವುವು. ಒಣಗಿದ ಗರಿಗಳನ್ನು ತೆಗೆಯದಿದ್ದರೆ ಗೆದ್ದಲು ಹತ್ತುವುದು.

ಕೊಯ್ದ ಎಲೆಯೇನೂ ವ್ಯರ್ಥವಲ್ಲ. ಎಳೆಯದನ್ನು ದನಗಳು ತಿನ್ನುವುವು. ಬಲಿತದ್ದನ್ನು ಮೂಸಿ ಬಿಡುವುವು, ಸಾಲು ಉಳಿಯುವುದಕ್ಕೆ ಇದೂ ಒಂದು ಅನುಕೂಲ. ಬಲಿತ ಎಲೆಯನ್ನು ಕೊಟ್ಟಿಗೆಯಲ್ಲಿ ಹಾಸಿ ಗೊಬ್ಬರ ಮಾಡಬಹುದು, ಹಿಪ್ಪುನೇರಳೆಯ ಸಾಲುಗಳ ನಡುವೆಯೂ ತೆಂಗಿನ ಪಾತಿಗಳಲ್ಲಿಯೂ ಹೊದಿಸಿ ಈರ ಉಳಿಸಬಹುದು, ಗುಡಿಸಲಿಗೂ ಹೊದಿಸಬಹುದು. ಇನ್ನೊಂದು ಪ್ರಯೋಜನವನ್ನು ಹೇಳದೆ ಬಿಡಲಾಗದು. ಸಾಲು ಕಣ್ಣೆದುರಿಗಿದ್ದರೆ ಉಳುವವನು ತಾನಾಗಿ ಅದಕ್ಕೆ ಸಮನಾಗಿಯೇ ಉಳುವನು. ಕೂರಿಗೆಯೂ ಕುಂಟೆಯೂ ಅದೇ ದಾರಿಯನ್ನು ಹಿಡಿಯುವುವು. ಅಕ್ಕಡಿಯ ಅವರೆ, ಜೋಳ, ಹುಚ್ಚೆಳ್ಳುಗಳ ಸಾಲುಗಳೂ ಇಳಿಜಾರಿಗೆ ಅಡ್ಡವಾಗುವುವು. ಆಗ ಹೊಲದ ಒಂದೊಂದು ಉತ್ತಸಾಲೂ ಒಂದು ಪುಟ್ಟ ಬದುವಾಗಿ ಕೆಲಸಮಾಡುವುದು.

ಬೇರಿನ ಆಸೆ

ಇಷ್ಟನ್ನು ಓದಿದಮೇಲೆ ವಾಚಕರ ಮನಸ್ಸಿನಲ್ಲಿ ಸಹಜವಾಗಿ ಒಂದು ಪ್ರಶ್ನೆ ಏಳುವುದು: ಬೆಲೆಬಾಳುವ ಬೇರು ಹೊಲದಲ್ಲಿಯೇ ಇರುವಾಗ ಅದನ್ನು ಅಗೆದು ಮಾರಬಾರದೇಕೆ? ಲಾವಂಚದ ತೈಲವನ್ನು ಸುಗಂಧದ್ರವ್ಯಗಳ ತಯಾರಕರು ಬಹಳ ಆದರಿಸುವರೆಂಬುದು ನಿಜ. ಹೈಟಿ, ಜಾವಾ, ರಿಯೂನಿಯನ್ ದ್ವೀಪಗಳು ಇದಕ್ಕೆ ಹೆಸರಾಗಿವೆ. ಲಖನೌದಲ್ಲಿ ಮುಖ್ಯ ಕಚೇರಿಯಿರುವ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯು ತೈಲಕ್ಕಾಗಿಯೇ ಧಾರಿಣಿ, ಗುಲಾಬಿ, ಕೇಸರಿ ಮೊದಲಾದ ತಳಿಗಳನ್ನು ಹೊರತಂದಿದೆ. ಆದರೆ ಬೇರು ಪಕ್ವವಾಗುವುದಕ್ಕೆ ಒಂದು ವರ್ಷದಿಂದ ಒಂದೂವರೆ ವರ್ಷ ಬೇಕು. ಬೇರನ್ನು ಪಡೆಯಬೇಕಾದರೆ ಇಡೀ ಬುಡವನ್ನು ಆಳವಾಗಿ ಅಗೆದು ಕೀಳಲೇಬೇಕು. ಇಳಿಜಾರಿನಲ್ಲಿ ಹೀಗೆ ಅಗೆದ ಸಾಲು ಮೊದಲ ಮಳೆಗೇ ಕೊರಕಲಾಗುವುದು. ಹೈಟಿಯ ಗುಡ್ಡಗಳಲ್ಲಿ ಬಡ ರೈತರು ತೈಲಕ್ಕಾಗಿ ಬೇರನ್ನು ಅಗೆದು ಅಗೆದು ಮಣ್ಣನ್ನು ಸಮುದ್ರದ ಪಾಲು ಮಾಡಿಕೊಂಡಿರುವರು. ಗಿಡ ಒಂದೇ, ಗುಂಡ್ಲುಪೇಟೆಯಲ್ಲಿ ಅದು ಭೂಮಿಯನ್ನು ಉಳಿಸಿತು, ಹೈಟಿಯಲ್ಲಿ ಭೂಮಿಯನ್ನು ಕಳೆಯಿತು. ವ್ಯತ್ಯಾಸವಿರುವುದು ಬೇರನ್ನು ಇದ್ದಲ್ಲಿಯೇ ಬಿಡುವುದರಲ್ಲಿ ಮತ್ತು ಕೀಳುವುದರಲ್ಲಿ.

ಆದುದರಿಂದ ಎರಡನ್ನೂ ಬೆರಸಕೂಡದು. ಬೇರು ಬೇಕಾದವರು ಅದಕ್ಕಾಗಿ ಸಮತಟ್ಟಾದ ಹಿತ್ತಿಲಿನಲ್ಲಿ ಬೇರೆಯಾಗಿಯೇ ಬೆಳಸಲಿ. ಮರಳು, ಕೆಂಪು ಮಣ್ಣು, ಗೊಬ್ಬರಗಳನ್ನು ಕಲಸಿ ತುಂಬಿದ ದೊಡ್ಡ ಚೀಲಗಳಲ್ಲಿ ಒಂದೊಂದು ಬುಡವನ್ನು ನೆಟ್ಟರೆ, ಕಾಲ ಬಂದಾಗ ಚೀಲವನ್ನು ಕುಯ್ದು ಬೇರನ್ನು ಕಡಿಯದೆ ಇಡಿಯಾಗಿ ತೊಳೆದು ತೆಗೆಯಬಹುದು. ಕೆಲವೇ ಚೀಲಗಳಿಂದ ಮನೆಯ ಹೂಜಿಗೂ ಸೀಗೆಪುಡಿಗೂ ಸೀರೆಯ ಪೆಟ್ಟಿಗೆಗೂ ಬೇಕಾದಷ್ಟು ದೊರೆತು, ನೆಂಟರಿಷ್ಟರಿಗೆ ಕೊಡುವುದಕ್ಕೂ ಮಿಗುವುದು. ಹೊಲದ ಸಾಲನ್ನು ಮಾತ್ರ ಯಾವ ಬೆಲೆ ಬಂದರೂ ಅಗೆಯಬಾರದೆಂದು ಮನೆಯಲ್ಲಿ ಒಂದು ಕಟ್ಟುಪಾಡು ಇರಬೇಕು. ಬೇರನ್ನು ಮಾರಿ ಬಂದ ಹಣ ಒಂದು ಹಬ್ಬಕ್ಕೆ ಮುಗಿಯುವುದು. ಅದೇ ಬೇರು ನೆಲದಲ್ಲಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಹೊಲವಿರುವುದು.

ಸಸಿಯನ್ನು ಎಲ್ಲಿಂದ ತರುವುದೆಂದು ಕೇಳುವವರು ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೋ, ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿಯೋ, ಮೇಲೆ ಹೇಳಿದ ಸುಗಂಧ ಸಸ್ಯಗಳ ಸಂಸ್ಥೆಯ ಬೆಂಗಳೂರಿನ ಶಾಖೆಯಲ್ಲಿಯೋ ವಿಚಾರಿಸಬಹುದು. ಕೇಳುವಾಗ ಬೀಜ ಕಟ್ಟದ ದಕ್ಷಿಣದ ಬಗೆಯೇ ಬೇಕೆಂದು ಸ್ಪಷ್ಟವಾಗಿ ಹೇಳತಕ್ಕದ್ದು. ಹತ್ತು ತೆಂಡೆಗಳು ದೊರೆತರೂ ಸಾಕು. ಈ ಮುಂಗಾರಿಗೆ ಬಚ್ಚಲಿನ ಬಳಿ ನೆಟ್ಟ ಹತ್ತು ತೆಂಡೆಗಳು ಮುಂದಿನ ಮುಂಗಾರಿಗೆ ನೂರನ್ನು ಮೀರುವುವು. ಅದರ ಮುಂದಿನ ಮುಂಗಾರಿಗೆ ಒಂದು ಎಕರೆಯ ಸಾಲಿಗೆ ಸಾಲುವಷ್ಟಾಗುವುವು. ತಮ್ಮ ಹೊಲಕ್ಕೆ ಸಾಕಾಗಿ ಮಿಕ್ಕುದನ್ನು ಕೆಳಗಿನ ಹೊಲದವರಿಗೂ ಮೇಲಿನ ಹೊಲದವರಿಗೂ ಕೊಡುವ ಮನೆಯು ಊರಿಗೇ ಉಪಕಾರ ಮಾಡಿದಂತಾಗುವುದು. ಏಕೆಂದರೆ ಮೇಲಿನ ಹೊಲದಲ್ಲಿ ಸಾಲಿಲ್ಲದಿದ್ದರೆ ಕೆಳಗಿನ ಸಾಲಿನ ಭಾರ ಇಮ್ಮಡಿಯಾಗುವುದು.